ಎಣ್ಣೆ ಬಿಟ್ಟ ಮೇಲೂ ಮನಸ್ಸು ಎಳೆಯುತ್ತೆ ಅಂದ್ರೆ ನಾನಿನ್ನೂ ಕುಡುಕನೇನಾ?

ಹೇಮಾವತಿ ತೀರ:
ಎಣ್ಣೆ ಬಿಟ್ಟು ವರ್ಷದ ಮೇಲಾಯ್ತು. ಎಎ, ಅಂದ್ರೆ ಆಲ್ಕೋಹಾಲಿಕ್ಸ್ ಅನಾನಿಮಸ್ ಅನ್ನೋ ಕುಡಿತ ಬಿಡೋರ ಗುಂಪಿನ ಮೀಟಿಂಗ್‌ಗೆ ಹೋಗ್ತೀನಿ, ಅಲ್ಲಿ ಮಾತು ಶುರು ಮಾಡುವಾಗೆಲ್ಲ "ನಾನೊಬ್ಬ ಆಲ್ಕೋಹಾಲಿಕ್" ಅಂತ ಹೇಳ್ಕೋತೀವಿ. ನಮ್ಮ ಭಾವ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟವರು, ಈಗ ಅಲ್ಲಿ ಕುಡಿತ ಬಿಟ್ಟವರ ನವಜೀವನ ಸಮಿತಿ ಸದಸ್ಯರು, ಹಳೇದನ್ನ ಯಾಕೋ ದಿನಾ ಹಣೆಗೆ ಅಂಟಿಸ್ಕೊಂಡು ಓಡಾಡ್ತೀಯ ಅಂತ ಬೈತಾರೆ. ಮೊನ್ನೆ ಒಂದು ಬೀಗರೂಟ, ಮಟನ್ ವಾಸನೆ ಮೂಗಿಗೆ ಬಡಿದಿದ್ದೇ ತಡ ಬಾಯಲ್ಲಿ ನೀರು, ಅಂಗೈ ಬೆವರು, ಅಷ್ಟರಲ್ಲಿ ಶಾಮಿಯಾನ ಹಿಂದೆ ಯಾರೋ ಕ್ವಾರ್ಟರ್ ಮುಚ್ಚಳ ತಿರುಗಿಸಿದ್ರು, ಟರಕ್ ಅಂತ ಆ ಸದ್ದು ಒಂದೇ ಕಿವೀಲಿ. ಕುಡೀಲಿಲ್ಲ, ಎದ್ದು ಬಂದೆ. ಆದ್ರೆ ರಾತ್ರಿಯೆಲ್ಲ ಇದೇ ಯೋಚ್ನೆ, ನಾನು ಬದಲಾಗಿರೋದು ನಿಜಾನಾ?

ಕೌನ್ಸೆಲಿಂಗ್ ಕೆಲಸದವಳು:
ನಿಜಾನೇ ಸರ್. ವರ್ಷಗಟ್ಟಲೆ ಮಟನ್ ಜೊತೆ ಕ್ವಾರ್ಟರ್ ಇಳಿಸಿದ್ರೆ ಮೆದುಳು ಆ ವಾಸನೆ, ಆ ಸದ್ದು ಎರಡನ್ನೂ ಕುಡಿತಕ್ಕೆ ಕಟ್ಟಿಹಾಕಿರುತ್ತೆ, ನೀವು ಯೋಚಿಸೋಕೆ ಮುಂಚೆನೇ ಮೈ ರೆಡಿಯಾಗ್ಬಿಡುತ್ತೆ. ಡಾಕ್ಟ್ರುಗಳು ಬಳಸೋ ಡಿಎಸ್ಎಂ-5 ಅಂತ ಕೈಪಿಡಿ ಇದೆ, 2013ರಲ್ಲಿ ಬಂದಿದ್ದು, ಅದರಲ್ಲಿ ಕ್ರೇವಿಂಗನ್ನ, ಅಂದ್ರೆ ಕುಡೀಬೇಕು ಅನ್ನೋ ಚಪಲನ, ಕುಡಿತದ ಕಾಯಿಲೆಯ ಲಕ್ಷಣಗಳ ಪಟ್ಟಿಗೆ ಸೇರಿಸಿದ್ರು. ಆದ್ರೆ ಅದೇ ಪುಸ್ತಕದಲ್ಲಿ, ಬೇರೆ ಯಾವ ಲಕ್ಷಣನೂ 12 ತಿಂಗಳು ಇಲ್ಲದಿದ್ರೆ ಕ್ರೇವಿಂಗ್ ಇದ್ರೂ ಪರವಾಗಿಲ್ಲ, ಚೇತರಿಸಿಕೊಂಡಿದ್ದಾರೆ ಅಂತಲೇ ಲೆಕ್ಕ. ಚಪಲ ಬಂತು ಅಂತ ವರ್ಷದ ಶ್ರಮ ನೀರುಪಾಲಾಗಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿದೂ ಹೋಗುತ್ತೆ, ಅಲ್ಲೀವರೆಗೆ ಜಾಗ ಬಿಟ್ಟು ಎದ್ದೇಳಿ, ನೀವು ಮಾಡಿದ್ದೂ ಅದೇ.

ಹಳೇ ಮೆಂಬರ್:
ಎಎ 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾಗಿದ್ದು. 1939ರ ಅವ್ರ ಪುಸ್ತಕದಲ್ಲಿ ಕುಡುಕರಿಗೆ ಚಿಕಿತ್ಸೆ ಕೊಡ್ತಿದ್ದ ಡಾ. ಸಿಲ್ಕ್‌ವರ್ತ್ ಹೇಳೋದು ಏನಂದ್ರೆ ನಮ್ಮಂಥವ್ರಿಗೆ ಮೊದಲ ಪೆಗ್ ಒಳಗೆ ಹೋದ ಮೇಲೆ ತಡೆಯೋಕಾಗದ ಆಸೆ ಹುಟ್ಟುತ್ತೆ ಅಂತ. ನಾವು ಮೀಟಿಂಗಲ್ಲಿ ಹಾಗೆ ಹೇಳ್ಕೊಳ್ಳೋದು ಆ ಮೊದಲ ಪೆಗ್ ನೆನಪಿರ್ಲಿ ಅಂತ ಅಣ್ಣ, ನಮ್ಮನ್ನ ನಾವೇ ಹೀನಾಯ ಮಾಡ್ಕೊಳ್ಳೋಕಲ್ಲ. "ಈಗೆಲ್ಲ ಸರಿಹೋಯ್ತು, ಒಂದ್ ಬಿಯರ್ ಏನೂ ಮಾಡಲ್ಲ" ಅಂತ ಹೋಗಿ ಹಣ್ಣಾಗಿ ವಾಪಸ್ ಬಂದವ್ರನ್ನ ಬೇಕಾದಷ್ಟು ನೋಡಿದೀನಿ. ನಿಮ್ಮ ಭಾವಂಗೆ ಅವ್ರ ದಾರಿ ಹಿಡಿಸಿದೆ, ಇರ್ಲಿ ಬಿಡಿ, ಅವ್ರಿಗೂ ಶಿಬಿರ ಆದ್ಮೇಲೆ ಸಮಿತಿ ಸಭೆ ಇದ್ದೇ ಇರುತ್ತೆ.

ಅರಸೀಕೆರೆ ಅಕ್ಕ:
ಮೀಟಿಂಗಲ್ಲಿ ಏನಾದ್ರೂ ಹೇಳ್ಕೊಳ್ಳಿ, ಮನೇಲಿ ಮಕ್ಕಳ ಮುಂದೆ ಮಾತ್ರ ಬೇಡ. ನಮ್ಮ ಯಜಮಾನ್ರು ಬಿಟ್ಟು ಎಷ್ಟೋ ಕಾಲ ಆದ್ರೂ ಅಂಗಡಿ ಬೀದೀಲಿ ನಮ್ದು ಇನ್ನೂ ಕುಡುಕನ ಮನೆನೇ, ಹಾಲು ತರೋಕೆ ಹೋದ ಮಗಳು ಅದನ್ನ ಕೇಳಿಸ್ಕೊಂಡು ಬಂದು ತಲೆ ತಗ್ಗಿಸಿ ಕೂತ್ಕೋತಿದ್ಲು. ಇನ್ನೊಂದು, ಬರೀ ಮನಸ್ಸು ಗಟ್ಟಿ ಮಾಡ್ಕೊಂಡು ಒದ್ದಾಡ್ಬೇಡಿ, ಚಪಲ ಕಮ್ಮಿ ಮಾಡೋ ಮಾತ್ರೆ ಇವೆ, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ, ಡಾಕ್ಟ್ರನ್ನ ಕೇಳಿ. ಕುಡಿದ್ರೆ ಮೈಗೆ ಆಗದ ಹಾಗೆ ಮಾಡೋ ಡೈಸಲ್ಫಿರಾಮ್ ಮಾತ್ರೇನ ಗೊತ್ತಾಗದ ಹಾಗೆ ಊಟಕ್ಕೆ ಬೆರೆಸೋರೂ ಇದಾರೆ, ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ, ಅದರ ಮೇಲೆ ಕುಡಿದ್ರೆ ಜೀವಕ್ಕೇ ಕುತ್ತು. ರಾತ್ರಿ ಹೊತ್ತು ತೀರಾ ಕಷ್ಟ ಆದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ.

ಹೇಮಾವತಿ ತೀರ:
ತುಂಬಾ ಥ್ಯಾಂಕ್ಸ್ ಅಕ್ಕ, ಎಲ್ರಿಗೂ. ಮಾತ್ರೆ ಶುರು ಮಾಡೋಕೆ ಮುಂಚೆ ಟೆಸ್ಟ್ ಏನಾದ್ರೂ ಬೇಕಾ?

ಕೌನ್ಸೆಲಿಂಗ್ ಕೆಲಸದವಳು:
ನಾಲ್ಟ್ರೆಕ್ಸೋನ್‌ಗೆ ಮೊದ್ಲು ಲಿವರ್ ಟೆಸ್ಟ್ ಮಾಡಿಸ್ತಾರೆ, ಅಕಾಂಪ್ರೊಸೇಟ್ ಆದ್ರೆ ಕಿಡ್ನಿ ನೋಡ್ತಾರೆ. ನೋವಿಗೆ ಟ್ರಮಡಾಲ್ ಥರ ಮಾತ್ರೆ ತಗೋತಿದ್ರೆ ಮೊದಲೇ ಡಾಕ್ಟ್ರಿಗೆ ಹೇಳ್ಬಿಡಿ, ನಾಲ್ಟ್ರೆಕ್ಸೋನ್ ಜೊತೆ ಅದು ಆಗಲ್ಲ.