ನಿಂಫ್ ಕಟ್ಟಲು ಯಾವ ಗಾಳ? ಮೀನು ಎಳೆದಾಗ ಗಾಳವೇ ಬಿಚ್ಚಿಕೊಳ್ಳುತ್ತಿದೆ

ಪ್ರಶ್ನೆ (ಸಿದ್ದಾಪುರದಿಂದ)

ಎಲ್ಲರಿಗೂ ನಮಸ್ಕಾರ. ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯ ಪರವಾನಗಿ ಪಡೆದು ವಾಲ್ನೂರಿನ ಬಳಿ ಕಾವೇರಿಯಲ್ಲಿ ಫ್ಲೈ ಫಿಶಿಂಗ್ (ಗಾಳಕ್ಕೆ ದಾರ, ಗರಿ ಸುತ್ತಿ ಮಾಡಿದ ಕೃತಕ ಹುಳು, ಅಂದರೆ ‘ಫ್ಲೈ’, ಬಳಸಿ ಮೀನು ಹಿಡಿಯುವುದು) ಮಾಡುತ್ತೇನೆ. ನಿಂಫ್‌ಗಳನ್ನು (ನೀರೊಳಗಿನ ಮರಿಹುಳುವನ್ನು ಹೋಲುವ, ಮುಳುಗುವ ಫ್ಲೈ) ಮನೆಯಲ್ಲೇ ಕಟ್ಟಿಕೊಳ್ಳುತ್ತೇನೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಸಣ್ಣ ಮಹಶೀರ್‌ಗಳು ನಿಂಫ್‌ಗೆ ಚೆನ್ನಾಗಿಯೇ ಬರುತ್ತಿವೆ, ಆದರೆ ದಡಕ್ಕೆ ತರುವ ಮೊದಲೇ ತಪ್ಪಿಸಿಕೊಳ್ಳುತ್ತಿವೆ. ದಾರ ತುಂಡಾಗುವುದಿಲ್ಲ. ಫ್ಲೈ ಹಿಂದಕ್ಕೆ ಬಂದಾಗ ಗಾಳದ ಬಾಗು ಬಿಚ್ಚಿಕೊಂಡು ಮೊನೆ ಹೊರಗೆ ತಿರುಗಿರುತ್ತದೆ. ಇನ್ನು ಕೆಲವೊಮ್ಮೆ ಮೀನು ಬಾಯಿ ಹಾಕಿದ್ದು ಕೈಗೆ ಸ್ಪಷ್ಟವಾಗಿ ತಿಳಿದರೂ ಗಾಳ ನಾಟುವುದೇ ಇಲ್ಲ.

ಬಳಸುತ್ತಿರುವುದು 14ನೇ ಸಂಖ್ಯೆಯ ಡ್ರೈ ಫ್ಲೈ ಗಾಳ, ತೂಕಕ್ಕೆ 3.3 ಮಿ.ಮೀ. ಟಂಗ್‌ಸ್ಟನ್ ಮಣಿ. ಮೊದಲು 3ಎಕ್ಸ್ ಟಿಪ್ಪೆಟ್ (ಫ್ಲೈ ಕಟ್ಟುವ, ದಾರದ ತೆಳು ತುದಿ) ಇತ್ತು. ಅದು ತುಂಡಾಗುತ್ತಿದ್ದುದರಿಂದ 0ಎಕ್ಸ್‌ಗೆ ಬದಲಿಸಿದ್ದೇನೆ. ಉದ್ದ ದಂಡದ (ದಾರ ಕಟ್ಟುವ ಕಣ್ಣಿನಿಂದ ಬಾಗಿನವರೆಗಿನ ಭಾಗ) ಗಾಳಕ್ಕೆ ಹೋಗುವುದು ಸರಿಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಕುಶಾಲನಗರದಿಂದ)

ನಮಸ್ಕಾರ. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಗಾಳ ಬಿಚ್ಚಿಕೊಳ್ಳುವುದಕ್ಕೆ ತಂತಿಯ ದಪ್ಪ ಸಾಲದಿರುವುದು ಕಾರಣ. ನಾಟದಿರುವುದಕ್ಕೆ ಮೊನೆಗೂ ದಂಡಕ್ಕೂ ನಡುವಿನ ತೆರಪು ಸಾಲದಿರುವುದು ಕಾರಣ. ದಂಡ ಉದ್ದವಾದರೆ ಇವೆರಡರಲ್ಲಿ ಯಾವುದೂ ಸರಿಹೋಗುವುದಿಲ್ಲ. ಬದಲಿಗೆ ಮೀನು ತಲೆ ಕೊಡವಿದಾಗಲೆಲ್ಲ ಆ ಉದ್ದ ದಂಡವೇ ಸನ್ನೆಗೋಲಾಗಿ, ನಾಟಿದ್ದ ಮೊನೆಯನ್ನೂ ಸಡಿಲಿಸುತ್ತದೆ.

ಹಾಳಾದ ಗಾಳಗಳನ್ನು ಎಸೆಯಬೇಡಿ, ಬೆಳಕಿಗೆ ಹಿಡಿದು ನೋಡಿ. ಬಾಗು ಅಗಲವಾಗಿ ತೆರೆದುಕೊಂಡು ಮೊನೆ ದಂಡದಿಂದ ದೂರ ಸರಿದಿದ್ದರೆ ಅದು ಎಳೆತಕ್ಕೆ ಸೋತ ಗಾಳ. ಬಾಗು ಒಳಕ್ಕೆ ಹಿಸುಕಿಹೋಗಿದ್ದರೆ ಅಥವಾ ದಂಡವೇ ಸೊಟ್ಟಗಾಗಿದ್ದರೆ ಮೀನು ಅದನ್ನು ಗಂಟಲಿನವರೆಗೆ ತೆಗೆದುಕೊಂಡು ಅಗಿದಿದೆ ಎಂದು ತಿಳಿಯಬೇಕು, ಏಕೆಂದರೆ ಮಹಶೀರ್‌ಗೆ ದವಡೆಯಲ್ಲಿ ಹಲ್ಲುಗಳಿಲ್ಲದಿದ್ದರೂ ಗಂಟಲಿನಲ್ಲಿರುವ ಹಲ್ಲುಗಳಿಂದ ಅದು ಏಡಿ, ಬಸವನಹುಳುಗಳನ್ನೂ ಪುಡಿಮಾಡಿ ನುಂಗುತ್ತದೆ. ನಿಮ್ಮದು ಮೊದಲನೆಯ ಬಗೆಯೆಂದು ವಿವರಣೆಯಿಂದಲೇ ಗೊತ್ತಾಗುತ್ತದೆ.

3ಎಕ್ಸ್ ಟಿಪ್ಪೆಟ್‌ನ ದಪ್ಪ ಸುಮಾರು 0.20 ಮಿ.ಮೀ., 0ಎಕ್ಸ್‌ನದು ಸುಮಾರು 0.28 ಮಿ.ಮೀ. ಮೊದಲು ದಾರ ಎಲ್ಲಕ್ಕಿಂತ ದುರ್ಬಲವಾಗಿತ್ತು, ಅದು ಸೋಲುತ್ತಿತ್ತು; ದಾರವನ್ನು ಬಲಪಡಿಸಿದ ಮೇಲೆ ಆ ಸ್ಥಾನಕ್ಕೆ ಗಾಳ ಬಂದಿದೆ. ಡ್ರೈ ಫ್ಲೈ ನೀರಿನ ಮೇಲೆ ತೇಲಬೇಕಾದ್ದರಿಂದ ಅದರ ಗಾಳವನ್ನು ತೆಳು ತಂತಿಯಲ್ಲಿ ಮಾಡುತ್ತಾರೆ. ನಿಂಫ್ ಮುಳುಗಬೇಕಾದದ್ದು, ಆದ್ದರಿಂದ ದಪ್ಪ ತಂತಿಯಿಂದ ಅದಕ್ಕೆ ಲಾಭವೇ ಹೊರತು ನಷ್ಟವಿಲ್ಲ.

ಗಾಳದ ಪೊಟ್ಟಣದ ಮೇಲಿನ ಸಂಖ್ಯೆ ಮತ್ತು ‘ಎಕ್ಸ್’ ಗುರುತನ್ನು ಓದುವ ಕ್ರಮ ಹೀಗಿದೆ. 8, 10, 14 ಎಂಬ ಗಾಳದ ಸಂಖ್ಯೆ ದೊಡ್ಡದಾದಷ್ಟೂ ಗಾಳ ಚಿಕ್ಕದು. ‘2ಎಕ್ಸ್ ಲಾಂಗ್’ ಎಂದರೆ ಎರಡು ಅಳತೆ ದೊಡ್ಡ ಗಾಳಕ್ಕಿರುವಷ್ಟು ಉದ್ದದ ದಂಡ, ‘2ಎಕ್ಸ್ ಹೆವಿ’ ಎಂದರೆ ಎರಡು ಅಳತೆ ದೊಡ್ಡ ಗಾಳದ ತಂತಿ. ಆದರೆ ಪೊಟ್ಟಣದ ಮೇಲೆ ಯಾವ ನಿಂಫ್‌ಗೆ ಯಾವ ಗಾಳ ಎಂದು ಬರೆದಿರುವ ಸಲಹೆಯೆಲ್ಲ ಟ್ರೌಟ್ ಮೀನನ್ನು ಮನಸ್ಸಿನಲ್ಲಿಟ್ಟುಕೊಂಡದ್ದು, ನಮ್ಮ ಕಾವೇರಿಯಲ್ಲಿರುವುದು ದಪ್ಪ ತುಟಿಯ, ಹರಿವಿಗೆ ಬಿದ್ದು ಓಡುವ ಮಹಶೀರ್. ಆದ್ದರಿಂದ ಇಲ್ಲಿ ಮೊದಲು ತಂತಿಯ ದಪ್ಪ, ಆಮೇಲೆ ತೆರಪು, ಕೊನೆಗೆ ದಂಡದ ಉದ್ದ ನೋಡಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಹುಳುವಿನ ಆಕಾರಕ್ಕೆ ಹೊಂದುವಂತೆ ಮೊದಲು ದಂಡವನ್ನೇ ಆರಿಸುವುದು ಬಹಳ ಜನರ ರೂಢಿ. ಅದರಿಂದ ಫ್ಲೈ ನೋಡಲು ಅಂದವಾಗುತ್ತದೆ, ಮೀನು ಉಳಿಯುವುದಿಲ್ಲ.

ಟೀಮ್ಕೋ 2457 ಎಂಬ ಬಾಗಿದ ಗಾಳ ನಿಮಗೆ ಒಪ್ಪುತ್ತದೆ: ತಂತಿ 2ಎಕ್ಸ್ ದಪ್ಪ, ತೆರಪು 2ಎಕ್ಸ್ ಅಗಲ, ದಂಡ 2ಎಕ್ಸ್ ಗಿಡ್ಡ. ನೇರ ದಂಡವೇ ಬೇಕಿದ್ದರೆ ಟೀಮ್ಕೋ 3761 ನೋಡಿ. 14ನ್ನು ಬಿಟ್ಟು 8 ಅಥವಾ 10ನೇ ಸಂಖ್ಯೆಗೆ ಬನ್ನಿ. ಫೆಬ್ರವರಿ, ಮಾರ್ಚ್ ವೇಳೆಗೆ ನೀರು ಇಳಿದು ಮೀನು ಹುಷಾರಾದಾಗ 12ಕ್ಕೆ ಇಳಿಯಬಹುದು, ಆಗ ಟಿಪ್ಪೆಟ್ ಅನ್ನೂ ಜೊತೆಯಲ್ಲೇ ತೆಳುಮಾಡಬೇಕು.

ನಾಟದಿರುವ ತೊಂದರೆಗೆ ನಿಮ್ಮ ಮಣಿಯೇ ಕಾರಣವಿರಬೇಕು. 14ನೇ ಸಂಖ್ಯೆಗೆ ಸುಮಾರು 2.8 ಮಿ.ಮೀ. ಮಣಿ ಸಾಕು, 3.3 ಮಿ.ಮೀ. ಮಣಿ, ಅದರ ಹಿಂದೆ ದಪ್ಪಗೆ ಸುತ್ತಿದ ಮೈ, ಎರಡೂ ಸೇರಿ ತೆರಪನ್ನು ತುಂಬಿಬಿಡುತ್ತವೆ. ಅದೇ ಮಣಿ 10ನೇ ಸಂಖ್ಯೆಯ ಗಾಳಕ್ಕೆ ಸರಿಯಾಗಿ ಕೂರುತ್ತದೆ.

ಮರುಪ್ರಶ್ನೆ (ಸಿದ್ದಾಪುರದಿಂದ)

ತುಂಬಾ ಉಪಕಾರವಾಯಿತು, ಸರ್. ಇನ್ನೆರಡು ಸಂದೇಹಗಳಿವೆ. ಬಾಗಿದ ಗಾಳಕ್ಕೆ ಮಣಿ ಪೋಣಿಸುವಾಗ ಅದು ಬಾಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲದೆ ಬಂಡೆಗಳ ಸಂದಿಯಲ್ಲಿ ಫ್ಲೈ ಸಿಲುಕಿ ಬಹಳ ನಷ್ಟವಾಗುತ್ತಿದೆ. ಜಿಗ್ ಗಾಳ ಬಳಸಿದರೆ ಇದು ತಪ್ಪುತ್ತದೆಯೇ?

ಉತ್ತರ (ಕುಶಾಲನಗರದಿಂದ)

ಮಣಿ ಪೋಣಿಸುವ ಮೊದಲು ಗಾಳದ ಮುಳ್ಳನ್ನು (ಮೊನೆಯ ಹಿಂದೆ ಎದ್ದಿರುವ ಚೂಪು ಚಾಚು) ಒತ್ತಿ ಮಟ್ಟಮಾಡಿ. ಚಪ್ಪಟೆ ಬಾಯಿಯ ಇಕ್ಕಳವನ್ನು ಅಡ್ಡಲಾಗಿ ಹಿಡಿಯದೆ, ಮೊನೆಯ ದಿಕ್ಕಿನಲ್ಲೇ ನೇರವಾಗಿ ಹಿಡಿದು ನಿಧಾನವಾಗಿ ಒತ್ತಬೇಕು. ಗಡಸು ಹೆಚ್ಚಾದ ಗಾಳವಾದರೆ ಮೊನೆ ಆಗಲೇ ಮುರಿಯುತ್ತದೆ, ಕಟ್ಟಿ ಮುಗಿಸಿದ ಫ್ಲೈ ಹಾಳಾಗುವುದಿಲ್ಲ. ಹಿಡಿದ ಮೀನನ್ನು ಮರಳಿ ನೀರಿಗೆ ಬಿಡಲೇಬೇಕಾದ ನಮ್ಮ ಹೊಳೆಯಲ್ಲಿ ಮುಳ್ಳಿಲ್ಲದ ಗಾಳವನ್ನೇ ಬಳಸಬೇಕೆಂದು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ಕಾವೇರಿ ಕಣಿವೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ, ಬೆನ್ನು ಉಬ್ಬಿದ ಮಹಶೀರ್ 2018ರಲ್ಲಿ ಅಳಿವಿನಂಚಿನ ಅತ್ಯಂತ ಗಂಭೀರ ವರ್ಗಕ್ಕೆ ಸೇರಿದೆ. ಯಾವ ಮೀನು ಬಾಯಿ ಹಾಕುತ್ತದೆಂದು ಮೊದಲೇ ತಿಳಿಯಲು ಬರುವುದಿಲ್ಲ. ಮಣಿಯ ಚಿಕ್ಕ ತೂತಿನ ಬದಿ ಕಣ್ಣಿನ ಕಡೆಗಿರಲಿ. ಮೊನೆಯನ್ನು ಚಿಕ್ಕ ತೂತಿನೊಳಗೆ ತೂರಿಸಿದರೆ ಅಗಲ ತೂತು ತಾನಾಗಿ ಬಾಗಿನ ಕಡೆಗೆ ಬರುತ್ತದೆ, ಬಾಗನ್ನೂ ಸುಲಭವಾಗಿ ದಾಟುತ್ತದೆ.

ಜಿಗ್ ಗಾಳದ ವಿಷಯದಲ್ಲಿ ನಿಮ್ಮ ಊಹೆ ಸರಿ. ಅದರ ಕಣ್ಣು ಸಾಮಾನ್ಯವಾಗಿ 60 ಡಿಗ್ರಿ ಬಾಗಿರುತ್ತದೆ. ಭಾರವಾದ ಮಣಿ ಕೂತ ಮೇಲೆ ಫ್ಲೈ ಮಗುಚಿಕೊಂಡು ಮೊನೆ ಮೇಲಾಗಿ ಸಾಗುವುದರಿಂದ ಬಂಡೆಗೆ ಸಿಲುಕುವುದು ಬಹಳ ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ. ಇದಕ್ಕೆ ಸೀಳಿರುವ ಮಣಿಯೇ ಬೇಕು. ಕೊಳ್ಳುವಾಗ ತಂತಿಯನ್ನು ಮರೆಯದೆ ನೋಡಿ, ಏಕೆಂದರೆ ಟ್ರೌಟ್‌ಗೆಂದೇ ಮಾಡಿದ ತೆಳು ಜಿಗ್ ಗಾಳಗಳೂ ಅಂಗಡಿಯಲ್ಲಿ ಸಿಗುತ್ತವೆ. ಹೊಸ ಪೊಟ್ಟಣ ಬಂದಾಗ ಒಂದು ಗಾಳವನ್ನು ವೈಸ್‌ಗೆ (ಫ್ಲೈ ಕಟ್ಟುವಾಗ ಗಾಳವನ್ನು ಹಿಡಿದಿಡುವ ಸಾಧನ) ಕಚ್ಚಿಸಿ ದಂಡವನ್ನು ಬೆರಳಿನಿಂದ ಒತ್ತಿ ಬಿಡಿ: ಚಿಮ್ಮಿ ಮೊದಲಿನ ಸ್ಥಾನಕ್ಕೆ ಬಂದರೆ ಒಳ್ಳೆಯದು, ಬಾಗಿ ಅಲ್ಲೇ ನಿಂತರೆ ಆ ಪೊಟ್ಟಣವನ್ನು ಕಾವೇರಿಗೆ ಒಯ್ಯಬೇಡಿ.

ಮತ್ತೊಂದು ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳೊಳಗಿನ ತೇವಕ್ಕೆ ಕಂದು ಲೇಪದ ಗಾಳಗಳು ಡಬ್ಬಿಯಲ್ಲೇ ತುಕ್ಕು ಹಿಡಿಯುತ್ತವೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ಕಾಪಾಡಿ. ಹೊಳೆಯಿಂದ ತಂದ ಒದ್ದೆ ಫ್ಲೈಗಳನ್ನು ಪೂರ್ತಿ ಒಣಗಿಸದೆ ಅದರೊಳಗೆ ಹಾಕಬೇಡಿ. ಮಣಿಯ ಹಿಂದೆ, ದಾರದ ಅಡಿಯಲ್ಲಿ ಶುರುವಾದ ತುಕ್ಕು ಹೊರಗೆ ಕಾಣುವುದಿಲ್ಲ; ಅಕ್ಟೋಬರ್‌ನಲ್ಲಿ ಹಳೆಯ ಫ್ಲೈ ತೆಗೆದಾಗ ಅದನ್ನೂ ಒಮ್ಮೆ ವೈಸ್‌ಗೆ ಕಚ್ಚಿಸಿ ಒತ್ತಿ ನೋಡಿದ ಮೇಲೆಯೇ ಟಿಪ್ಪೆಟ್‌ಗೆ ಕಟ್ಟಿ.