ಫ್ರೆಂಚ್ ಟೀಚರ್ ಆಗಬೇಕು. ಮೊದಲು ಬಿ2 ಮಾಡಲೋ, ಬಿ.ಎಡ್. ಮಾಡಲೋ? ಅನುಭವ ಇದ್ದವರು ಹೇಳಿ

ತುಮಕೂರಿನ ಹುಡುಗಿ: ನಮಸ್ಕಾರ. ಬಿ.ಎ. ಮುಗಿದಿದೆ, ಫ್ರೆಂಚ್‌ನ ಎರಡನೇ ಹಂತ ಎ2 ಪಾಸಾಗಿದೆ. ಬೆಂಗಳೂರಿನ ಯಾವುದಾದರೂ ಶಾಲೆಯಲ್ಲಿ ಫ್ರೆಂಚ್ ಕಲಿಸುವ ಆಸೆ. ಎರಡರಲ್ಲಿ ಒಂದಕ್ಕೆ ಮಾತ್ರ ಈಗ ದುಡ್ಡಿದೆ. ಡೆಲ್ಫ್ ಅನ್ನೋ ಫ್ರೆಂಚ್ ಪರೀಕ್ಷೆಯ ನಾಲ್ಕನೇ ಹಂತ ಬಿ2 ಮೊದಲೋ, ಬಿ.ಎಡ್. ಮೊದಲೋ?

ರಾಜಾಜಿನಗರದ ಫ್ರೆಂಚ್ ಮಿಸ್: ನನ್ನ ಕಥೆ ಕೇಳಮ್ಮ. 2013ರಲ್ಲಿ ಬಿ2 ಬರೆದೆ. ಒಟ್ಟು 100ಕ್ಕೆ 56 ಬಂತು, ಪಾಸಾಗಲು 50 ಸಾಕು. ಆದರೆ ಕೇಳಿಸಿಕೊಂಡು ಉತ್ತರ ಬರೆಯುವ ಭಾಗದಲ್ಲಿ 25ಕ್ಕೆ 4.5. ಅಲ್ಲಿ 5 ಆದರೂ ಇರಬೇಕು. ಅರ್ಧ ಅಂಕಕ್ಕೆ ಫೇಲ್! ಆ ಒಂದು ಭಾಗ ಮಾತ್ರ ಮತ್ತೆ ಬರೆಯೋಣವೆಂದರೆ ಆಗಲ್ಲ, ನಾಲ್ಕನ್ನೂ ಬರೆಯಬೇಕು. ಎರಡು ವರ್ಷದ ಮಗಳನ್ನು ಅತ್ತೆ ಹತ್ತಿರ ಬಿಟ್ಟು, ವಾರಕ್ಕೆ ಮೂರು ದಿನ ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಹೋಗಿ ಓದಿದ್ದು. ರಿಸಲ್ಟ್ ಬಂದ ದಿನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಆಮೇಲೆ ಆರು ತಿಂಗಳು ರಾತ್ರಿ ಪಾತ್ರೆ ತೊಳೆಯುವಾಗ ಕಿವಿಗೆ ರೇಡಿಯೋ ಫ್ರಾನ್ಸ್ ಇಂಟರ್‌ನ್ಯಾಷನಲ್‌ನ ವಾರ್ತೆ ಹಾಕಿಕೊಂಡೆ. ಎರಡನೇ ಸಲ ಅದೇ ಭಾಗದಲ್ಲಿ 14.

ಎ1ರಿಂದ ಕೋರ್ಸು, ಪುಸ್ತಕ, ಎರಡು ಸಲದ ಪರೀಕ್ಷೆ, ಬಸ್ಸು ಎಲ್ಲ ಸೇರಿ ₹1,38,650. ಲೆಕ್ಕದ ಪುಸ್ತಕ ಇನ್ನೂ ಇದೆ. ಬಳೆ ಅಡವಿಟ್ಟ ಬಡ್ಡಿ ಇದರಲ್ಲಿ ಸೇರಿಲ್ಲ. ಮೊದಲ ಸಂಬಳ ₹16,000. ಈಗ ನೋಡಿದರೆ, ಶಾಲೆಗಳಲ್ಲಿ ಕನ್ನಡ ಕಡ್ಡಾಯ ಮಾಡಿದ 2015ರ ಕನ್ನಡ ಕಲಿಕೆ ಕಾಯ್ದೆ 2017-18ರಲ್ಲಿ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿ ಮೇಲೆ ಬಂತು. ಅದು ಆರಕ್ಕೆ ಬಂದಾಗ ನಮ್ಮ ಶಾಲೆಯಲ್ಲಿ ಫ್ರೆಂಚ್‌ಗೆ ಇದ್ದ ಎರಡು ಸೆಕ್ಷನ್ ಒಂದಾಯಿತು.

ಮೈಸೂರಿನ ಜರ್ಮನ್ ಮೇಷ್ಟ್ರು: ಬಿ.ಎಡ್. ಮೊದಲು. ಎರಡು ಮಾತಿಲ್ಲ. 2014ರ ನವೆಂಬರ್‌ನಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ ಮೂರನೇ ಭಾಷೆಯಾಗಿದ್ದ ಜರ್ಮನ್ ತೆಗೆದು ಸಂಸ್ಕೃತ ತಂದರು, ಅದೂ ವರ್ಷದ ನಡುವೆ. ನಾನಾಗ ಬಿ1 ಓದುತ್ತಿದ್ದೆ. ಆ ಕೆಲಸ ನಂಬಿ ನಮ್ಮ ಬ್ಯಾಚಿಗೆ ಸೇರಿದ್ದ ನಾಲ್ವರು ಕೋರ್ಸು ಬಿಟ್ಟರು. ನನ್ನ ಕೈಯಲ್ಲಿ ಬಿ.ಎಡ್. ಇತ್ತು, ಸಮಾಜ ವಿಜ್ಞಾನ ಕಲಿಸಿಕೊಂಡು ಐದು ವರ್ಷ ಬದುಕಿದೆ. 2019ರಲ್ಲಿ ಬಿ2. ಬರವಣಿಗೆಯಲ್ಲಿ 57 ಬಂತು, 60 ಬೇಕಿತ್ತು. ನಮ್ಮಲ್ಲಿ ಹೋದ ಭಾಗ ಮಾತ್ರ ಬರೆದರಾಯಿತು. 2020ರ ಶಿಕ್ಷಣ ನೀತಿ ಮೂರು ಭಾಷೆಗಳಲ್ಲಿ ಎರಡಾದರೂ ಭಾರತದ್ದಿರಬೇಕು ಅನ್ನುತ್ತೆ. ಬರೀ ವಿದೇಶಿ ಭಾಷೆ ನೆಚ್ಚಿ ಕೂತವರಿಗೆ ನಾಳೆ ಏನು ಗತಿ?

ರಾಜಾಜಿನಗರದ ಫ್ರೆಂಚ್ ಮಿಸ್: ಸರ್, ನೀವು ಬಿ.ಎಡ್. ಮಾಡಿದಾಗ ಅದು ಒಂದೇ ವರ್ಷ. 2015ರಿಂದ ಎರಡು ವರ್ಷ. ಆ ಎರಡು ವರ್ಷದಲ್ಲಿ ಈ ಹುಡುಗಿಯ ಫ್ರೆಂಚ್ ತುಕ್ಕು ಹಿಡಿಯುತ್ತೆ. ತುಂಡು ತುಂಡಾಗಿ ಪಾಸಾಗುವವರಿಗೆ ಅರ್ಧ ಅಂಕದ ನೋವು ತಿಳಿಯಲ್ಲ.

ಮೈಸೂರಿನ ಜರ್ಮನ್ ಮೇಷ್ಟ್ರು: ತುಂಡು ತುಂಡು ಅಂತ ಹಗುರವಾಗಿ ಮಾತಾಡಬೇಡಿ ಮೇಡಂ. ನಮಗೆ ಒಂದೊಂದು ಭಾಗದಲ್ಲೂ 100ಕ್ಕೆ 60 ಬರಲೇಬೇಕು. ನಿಮಗೆ ಒಂದು ಭಾಗದಲ್ಲಿ 25ಕ್ಕೆ 5 ಬಂದರೂ ಉಳಿದ ಮೂರು ಕೈಹಿಡಿಯುತ್ತವೆ. ಯಾವುದು ಕಷ್ಟ, ನೀವೇ ಹೇಳಿ.

ಕೋರಮಂಗಲದ ಜಪಾನೀಸ್ ಟೀಚರ್: ನೀವಿಬ್ಬರೂ ಅಂಕದ ಮೇಲೇ ಇದ್ದೀರಿ. ನಮ್ಮ ಜೆ.ಎಲ್.ಪಿ.ಟಿ. ಅನ್ನೋ ಜಪಾನೀಸ್ ಪರೀಕ್ಷೆಯಲ್ಲಿ ಮಾತಿನ ಭಾಗವೇ ಇಲ್ಲ. ಅದರಲ್ಲಿ ಮೇಲಿನಿಂದ ಎರಡನೇ ಹಂತ ಎನ್2 ಪಾಸಾಗಿ ಡೆಮೊ ಕ್ಲಾಸಿಗೆ ಹೋದೆ. ಓಸಾಕಾದಲ್ಲಿ ಮೂರು ವರ್ಷ ಇದ್ದು ಬಂದ ಏಳನೇ ತರಗತಿ ಹುಡುಗ ಎದ್ದು ನಿಂತು ಏನೋ ಕೇಳಿದ. ನನ್ನ ಬಾಯಿಂದ ಒಂದು ವಾಕ್ಯ ಹೊರಡಲಿಲ್ಲ. ಆ ಕೆಲಸ ಅಲ್ಲೇ ಹೋಯಿತು. ಆಮೇಲೆ ಒಂಬತ್ತು ತಿಂಗಳು, ಗಂಟೆಗೆ ₹700 ಕೊಟ್ಟು ಬರೀ ಮಾತಾಡುವುದನ್ನು ಕಲಿತೆ.

ತುಮಕೂರಿನ ಹುಡುಗಿ: ಎಲ್ಲರಿಗೂ ಧನ್ಯವಾದ. ಶನಿವಾರ, ಭಾನುವಾರದ ಬ್ಯಾಚಾದರೆ ಇಲ್ಲಿಂದ ರೈಲಲ್ಲಿ ಬಂದು ಹೋಗಬಹುದಾ? ಹಾಗೆ ಓದಿದವರು ಯಾರಾದರೂ ಇದ್ದೀರಾ?

ವಿಜಯನಗರದ ಕನ್ನಡ ಟೀಚರ್: ಫ್ರೆಂಚ್ ಮಿಸ್ ಅವರೇ, ಕನ್ನಡ ಬಂದದ್ದಕ್ಕೆ ನಿಮ್ಮ ಸೆಕ್ಷನ್ ಹೋಯಿತು ಅಂದಿರಲ್ಲ, ಓದಿ ಹೊಟ್ಟೆ ಉರಿಯಿತು. ಆ ಕಾಯ್ದೆಗೆ ಮೊದಲು ನಿಮ್ಮಂಥದ್ದೇ ಶಾಲೆಯಲ್ಲಿದ್ದೆ. ನನಗೆ ವಾರಕ್ಕೆ ಎರಡು ಪೀರಿಯಡ್. ಕ್ಲಾಸ್‌ರೂಮ್ ಫ್ರೆಂಚ್‌ಗೆ, ನಾನು ಮಕ್ಕಳನ್ನು ಕರೆದುಕೊಂಡು ಲೈಬ್ರರಿಯ ಮೂಲೆಗೆ. ಸಂಬಳ ₹9,000. ಬೆಂಗಳೂರಲ್ಲೇ ಹುಟ್ಟಿದ ಮಕ್ಕಳಿಗೆ ಬಸ್ಸಿನ ಬೋರ್ಡ್ ಓದಲು ಬರುತ್ತಿರಲಿಲ್ಲ. ಅದು ಯಾರಿಗೂ ನಷ್ಟ ಅನ್ನಿಸಲಿಲ್ಲ!

ರಾಜಾಜಿನಗರದ ಫ್ರೆಂಚ್ ಮಿಸ್: ಕನ್ನಡ ಬೇಡ ಅಂತ ನಾನೆಲ್ಲಿ ಅಂದೆ? ನನ್ನ ಮಗಳೂ ಕನ್ನಡವನ್ನೇ ತಗೊಂಡಿದ್ದಾಳೆ. ನಿಮ್ಮನ್ನು ಲೈಬ್ರರಿಗೆ ಅಟ್ಟಿದ್ದು ಮ್ಯಾನೇಜ್‌ಮೆಂಟು, ಫ್ರೆಂಚ್ ಟೀಚರ್ ಅಲ್ಲ. ಈ ವರ್ಷ ನನಗೂ ಕ್ಲಾಸ್‌ರೂಮ್ ಇಲ್ಲ, ಕೆಮಿಸ್ಟ್ರಿ ಲ್ಯಾಬಿನಲ್ಲಿ ಸ್ಟೂಲ್ ಹಾಕಿ ಪಾಠ ಮಾಡುತ್ತಿದ್ದೇನೆ.