ಪದಚರ್ಚೆ: ಶಾಲೆಯ ಕಾಗದದಲ್ಲಿ ‘ಅಮಾನತು’, ‘ಉಚ್ಚಾಟನೆ’, ‘ಟಿ.ಸಿ.’

ಪ್ರಶ್ನೆ: ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಕೈಗೆ ಶಿಸ್ತುಕ್ರಮದ ಕಾಗದ ಬಂದಾಗ ಸಸ್ಪೆನ್ಶನ್, ಡಿಸ್ಮಿಸಲ್‌ಗಳಿಗೆ ಕನ್ನಡದಲ್ಲಿ ಏನೆನ್ನಬೇಕು? ‘ಅಮಾನತು’ ಎಂದರೆ ಶಾಲೆ ಬಿಡಿಸಿದ ಹಾಗೆಯೇ?

ಉತ್ತರ: ಅಲ್ಲ. ಅಮಾನತಾದ ವಿದ್ಯಾರ್ಥಿಯ ಹೆಸರು ಹಾಜರಿ ಪುಸ್ತಕದಲ್ಲೇ ಇರುತ್ತದೆ. ಇಂತಿಷ್ಟು ದಿನ ತರಗತಿಗೆ ಬರುವಂತಿಲ್ಲ, ಅಷ್ಟೆ. ಹಾಗಾಗಿ ಈ ಪದದ ಜೊತೆ ತಾರೀಕು ಇರಲೇಬೇಕು. ‘ಜುಲೈ 7ರಿಂದ 11ರವರೆಗೆ ಅಮಾನತು, 14ರಂದು ತರಗತಿಗೆ ಹಾಜರಾಗತಕ್ಕದ್ದು’ ಎಂದಿದ್ದರೆ ಓದಿದ ಹುಡುಗನಿಗೂ ಮನೆಯವರಿಗೂ ಗೊಂದಲವಿಲ್ಲ. ‘ರಕ್ಷಕರನ್ನು ಕರಕೊಂಡು ಬಂದ ಮೇಲೆ ಕ್ಲಾಸಿಗೆ ಬಾ’ ಎಂಬ ಬಾಯಿಮಾತಿಗೆ ಕೊನೆಯ ದಿನವೇ ಇಲ್ಲ. ಅಪ್ಪ ಗಲ್ಫಿನಲ್ಲಿದ್ದರೆ ಮಗು ವಾರಗಟ್ಟಲೆ ಮನೆಯಲ್ಲೇ ಉಳಿಯುತ್ತದೆ, ಹಾಜರಿಯೂ ಕಡಿಮೆಯಾಗುತ್ತದೆ.

ಡಿಸ್ಮಿಸಲ್‌ಗೆ ‘ಶಾಲೆಯಿಂದ ಹೊರಹಾಕುವುದು’ ಸಾಕು. ಮಲಯಾಳದ ‘ಪುರತ್ತಾಕ್ಕಲ್’ ಕೂಡ ಇದೇ. ‘ಉಚ್ಚಾಟನೆ’ ಪಕ್ಷದವರಿಗೆ ಪತ್ರಿಕೆಗಳು ಬಳಸುವ ಮಾತು, ಮೂಲದಲ್ಲಿ ಮಾಟಮಂತ್ರದ ಷಟ್ಕರ್ಮಗಳಲ್ಲೊಂದು. ಮಕ್ಕಳ ಹೆಸರಿನ ಪಕ್ಕ ಅದನ್ನು ಬರೆಯಲೇಬಾರದು.

8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಹೊರಹಾಕುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಹೇಳುತ್ತದೆ. ಮಕ್ಕಳನ್ನು ನಪಾಸು ಮಾಡಬಾರದೆಂಬ ನಿಯಮ 2019ರಲ್ಲಿ ಬದಲಾದರೂ ಈ ಮಾತು ಹಾಗೆಯೇ ಉಳಿದಿದೆ. ಆದರೆ 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಕಾಯ್ದೆ ಅನ್ವಯಿಸದು. ನಮ್ಮ ಜಿಲ್ಲೆಯಲ್ಲಿ ಅಂಥ ಶಾಲೆಗಳು ಸಾಕಷ್ಟಿರುವುದರಿಂದ ಮೊದಲು ಅದನ್ನು ವಿಚಾರಿಸಿಕೊಳ್ಳಿ.

ಹೆಚ್ಚು ಮೋಸ ಹೋಗುವುದು ‘ಟಿ.ಸಿ. ತಕ್ಕೊಂಡು ಹೋಗಿ’ ಎಂಬಲ್ಲಿ. ಟಿ.ಸಿ. ಶಿಕ್ಷೆಯಲ್ಲ, ರಕ್ಷಕರು ಅರ್ಜಿ ಕೊಟ್ಟು ಪಡೆಯುವ ವರ್ಗಾವಣೆ ಪತ್ರ. ಒತ್ತಾಯಕ್ಕೆ ಮಣಿದು ಅರ್ಜಿಗೆ ಸಹಿ ಹಾಕಿದರೆ ದಾಖಲೆಯಲ್ಲಿ ‘ರಕ್ಷಕರ ಕೋರಿಕೆಯಂತೆ’ ಎಂದಾಗುತ್ತದೆ. ಶಾಲೆ ಹೊರಹಾಕಿದ್ದಕ್ಕೆ ಆಮೇಲೆ ಪುರಾವೆಯೇ ಸಿಗದು. ಸಹಿಗೆ ಮೊದಲು ಕಾರಣ, ತಾರೀಕು, ಹೆಡ್‌ಮಾಷ್ಟ್ರ ಸಹಿ ಇರುವ ಆದೇಶವನ್ನು ಬರಹದಲ್ಲಿ ಕೇಳಬೇಕು.

ಕೊಡದಿದ್ದರೆ ಎಲ್.ಪಿ., ಯು.ಪಿ. (ಕಿರಿಯ, ಹಿರಿಯ ಪ್ರಾಥಮಿಕ) ಶಾಲೆಯಾದರೆ ಎ.ಇ.ಒ. (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ, ಹೈಸ್ಕೂಲಾದರೆ ಡಿ.ಇ.ಒ.ಗೆ (ಜಿಲ್ಲಾ ಶಿಕ್ಷಣಾಧಿಕಾರಿ) ದೂರು ಬರೆಯಿರಿ, ಕನ್ನಡದಲ್ಲೇ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ವಿಷಯದ ಸಾಲಿನಲ್ಲಿ ‘ಅಮಾನತು ಆದೇಶದ ಪ್ರತಿ ನೀಡದಿರುವ ಬಗ್ಗೆ’ ಎಂದು ಹಾಕಿ, ನಕಲಿಗೆ ಕಚೇರಿಯ ಮೊಹರು ಹಾಕಿಸಿ ಇಟ್ಟುಕೊಳ್ಳಿ.